ಜೀಪಿನ ಕೆಳಗೆ ಹೆಣ್ಣು ನೋಡುವ ಶಾಸ್ತ್ರ

ನಲವತ್ತಾರನೆಯ ವಯಸ್ಸಿನಲ್ಲಿ, ಗಂಡಿನ ಕಡೆಯವರು ನನ್ನನ್ನು ನೋಡಲು ಬರುವುದು ಹಾಗಿರಲಿ, ನಾನೇ ಜೀಪು ಹತ್ತಿ ಗಂಡಿನ ಮನೆಗೆ ಹೊರಟಿದ್ದೆ. ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸಿನ ಆ ತುದಿಯಲ್ಲಿರುವ ವುಡ್‌ಲ್ಯಾಂಡ್ ಹಿಲ್ಸ್‌ಗೆ, ಸಂಕ್ರಾಂತಿಯ ಊಟಕ್ಕೆ. ಕೊರೊನಾದ ಮಾಸ್ಕುಗಳು ಜನರ ಮುಖದಿಂದ ಇಳಿದು ಗಾಡಿಯ ಕನ್ನಡಿಗೆ ನೇತುಬಿದ್ದಿದ್ದ ಕಾಲ ಅದು. ಹಸಿರು ರೇಷ್ಮೆ ಸೀರೆ ಉಟ್ಟು, ಕಾಲಿಗೆ ಓಡುವ ಶೂ ಹಾಕಿ, ಕ್ಲಚ್ಚು ತುಳಿಯುತ್ತ, ಕಿಟಕಿ ಇಳಿಸಿಕೊಂಡು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆ. ಪಕ್ಕದ ಲೇನಿನ ಲಾರಿಯವನು ಹಾರ್ನ್ ಹೊಡೆದು ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ತೋರಿಸಿದೆ. ಪ್ರೀತಿ ಹತ್ತಿದವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ ಎನ್ನುತ್ತಾರೆ. ನನಗೆ ಸ್ಪೀಡೋಮೀಟರಿನ ಮೇಲೂ ಇರಲಿಲ್ಲ.

ಗಂಡು ಎಂದೆನಲ್ಲ, ಅವರಿಗೆ ನಲವತ್ತೊಂಬತ್ತು. ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ, ಅಲ್ಲಿಯವರೆಗೆ ಮದುವೆಯೇ ಆಗಿರಲಿಲ್ಲ. ಲಾಕ್‌ಡೌನಿನಲ್ಲಿ ಇಲ್ಲಿಯ ಕನ್ನಡದವರೆಲ್ಲ ಕಂಪ್ಯೂಟರಿನ ಮುಂದೆ ಕೂತು ಅಂತ್ಯಾಕ್ಷರಿ ಆಡುತ್ತಿದ್ದಾಗ ಪರಿಚಯ. ತಮ್ಮ ಸರದಿ ಬಂದಾಗ ಮೈಕ್ ಆನ್ ಮಾಡುವುದನ್ನು ಮರೆತು, ಕಣ್ಣು ಮುಚ್ಚಿ, ತಲೆ ಆಡಿಸುತ್ತ ಇಡೀ ಹಾಡು ಮುಗಿಸಿಬಿಡುತ್ತಿದ್ದರು. ಎಲ್ಲರೂ ಚಾಟಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ನಾನು ಮಾತ್ರ ಆ ಶಬ್ದವಿಲ್ಲದ ಹಾಡನ್ನು ನೋಡುತ್ತ ಕೂತಿರುತ್ತಿದ್ದೆ. ಮೂರು ವಾರದ ಹಿಂದೆ ಲಾ ಹೋಯಾದ ಕಡಲ ಬದಿಯಲ್ಲಿ, ಬಂಡೆಯ ಮೇಲೆ ಮಲಗಿದ್ದ ಸೀಲ್‌ಗಳನ್ನು ನೋಡುತ್ತಿದ್ದಾಗ, ನನ್ನ ಮುಖ ನೋಡದೆ ಸೀಲ್‌ಗಳನ್ನೇ ನೋಡುತ್ತ, "ಮದ್ವೆ ಆಗೋಣ್ವಾ?" ಎಂದು ಕೇಳಿದರು. "ಸಂಕ್ರಾಂತಿಗೆ ಹೇಳ್ತೇನೆ" ಎಂದೆ.

ಯಾಕೆ ಅಷ್ಟು ದಿನ ಬೇಕಿತ್ತು ಎಂದರೆ, ಹೆದರಿಕೆ. ಅವರ ಬಗ್ಗೆ ಅಲ್ಲ, ನನ್ನ ಬಗ್ಗೆಯೇ. ನಾನು ಉಡುಪಿ ಕಡೆಯವಳು, ಟೆಲಿಕಾಂ ಎಂಜಿನಿಯರ್, ಮೂಗಿನ ತುದಿಯಲ್ಲೇ ಸಿಟ್ಟು. ನನಗೆ ಮೊದಲು ಒಂದು ಮದುವೆ ಆಗಿತ್ತು, ಎಂಟು ವರ್ಷ ನಡೆಯಿತು. ಆ ಮನುಷ್ಯ ಕೆಟ್ಟವನಲ್ಲ, ನಾನೂ ಅಲ್ಲ. ಆದರೆ "ತಪ್ಪು ನನ್ನದು" ಎಂಬ ಎರಡು ಶಬ್ದ ಅವನ ಬಾಯಲ್ಲೂ ಬರುತ್ತಿರಲಿಲ್ಲ, ನನ್ನ ಬಾಯಲ್ಲೂ ಬರುತ್ತಿರಲಿಲ್ಲ. ಹಾಲು ಉಕ್ಕಿದರೆ ಒಲೆಯದ್ದು ತಪ್ಪು. ಕೊನೆಗೆ ಇಬ್ಬರೂ ಬೇರೆ ಬೇರೆ ಒಲೆ ಹಿಡಿದೆವು. ಇನ್ನೊಬ್ಬ ಒಳ್ಳೆಯ ಮನುಷ್ಯನನ್ನು ಈ ನಾಲಿಗೆಗೆ ಒಡ್ಡಬೇಕೇ ಎಂದು ಮೂರು ವಾರ ಯೋಚಿಸಿದ್ದೆ.

ಇದರ ಮೇಲೆ ಅವರ ಅಮ್ಮ. ಎಪ್ಪತ್ತಾರು ವರ್ಷದ, ಕಡ್ಡಿಯ ಹಾಗಿದ್ದ ಆ ಹೆಂಗಸು ಮಗನ ಜೊತೆಗೇ ಇದ್ದರು. ನಾನು "ಆಂಟಿ" ಎನ್ನುತ್ತಿದ್ದೆ. ಮಗ ನನ್ನ ವಿಷಯ ಎತ್ತಿದಾಗ "ನೋಡೋಣ" ಎಂದಿದ್ದರಂತೆ. ನಮ್ಮವರಲ್ಲಿ ಹಿರಿಯರು "ನೋಡೋಣ" ಎಂದರೆ ಏನು ಅರ್ಥ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಅಮ್ಮ ಬೇಡ ಎಂದರೆ ಇವರು ಎದುರು ಮಾತಾಡುವವರಲ್ಲ, ಅದೂ ನನಗೆ ಗೊತ್ತಿತ್ತು. ಅಂಥ ಆಂಟಿ ತಾವಾಗಿಯೇ ಊಟಕ್ಕೆ ಕರೆದಿದ್ದರು. ಹಾಗಾಗಿ ಬೆಳಿಗ್ಗೆ ನಾಲ್ಕು ಸೀರೆ ಬದಲಾಯಿಸಿದ್ದೆ.

ಸಂಕ್ರಾಂತಿಗೆ ಕಬ್ಬಿಲ್ಲದೆ ಹೋಗುವುದು ಹೇಗೆ? ವೆಸ್ಟ್ ಕೊವಿನಾದ ಒಂದು ಅಂಗಡಿಯಲ್ಲಿ ಉದ್ದುದ್ದ ಕಬ್ಬು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ನೇರ ದಾರಿ ಬಿಟ್ಟು ಅತ್ತ ತಿರುಗಿದೆ. ಜೀಪಿನ ಮುಂಭಾಗದಿಂದ ಒಂದು ಊಳಿಡುವ ಸದ್ದು ವಾರದಿಂದ ಬರುತ್ತಿತ್ತು. ರಸ್ತೆಯದ್ದು, ಟೈರಿನದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ದಿನ ನನ್ನ ಹಾಡಿಗಿಂತ ಅದರ ಹಾಡೇ ಜೋರಾಯಿತು. ನಾನು ಇನ್ನೂ ಒಂದು ಶ್ರುತಿ ಏರಿಸಿದೆ. ಕಬ್ಬು ಕೊಂಡು, ಆರು ಜಲ್ಲೆಗಳನ್ನು ಜೀಪಿನ ತಲೆಯ ಮೇಲೆ ಕಟ್ಟಿ, ಅಂಗಡಿಯ ಪಾರ್ಕಿಂಗಿನಿಂದ ಹೊರಗೆ ತಿರುಗಿಸಿದೆನೋ ಇಲ್ಲವೋ, ಕೆಳಗೆ ಕಟಕಟಕಟ, ಆಮೇಲೆ ಢಣ್! ಜೀಪು ಒಂದು ಸಲ ಮುಗ್ಗರಿಸಿ ನಿಂತಿತು. ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದೆ. ಮುಂದಿನ ಚಕ್ರಗಳ ನಡುವಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

ಫೋನ್ ಮಾಡಿದೆ.

"ರೀ, ಎಲ್ಲಿದ್ದೀರಾ? ಅಮ್ಮ ಆಗ್ಲೇ ಎರಡ್ಸಲ ಬಾಲ್ಕನಿಗೆ ಹೋಗಿ ಬಂದ್ರು."

"ಎಲ್ಲಿರುವುದು ಮಾರಾಯ್ರೆ! ವೆಸ್ಟ್ ಕೊವಿನಾದಲ್ಲಿ ಕಬ್ಬು ಇಟ್ಕೊಂಡು ರಸ್ತೆ ಬದಿ ನಿಂತಿದ್ದೇನೆ. ಜೀಪು ಹೋಯ್ತು. ಎಲ್ಲ ನಿಮ್ಮಿಂದ!"

"ನನ್ನಿಂದಾನಾ? ನಾನು ಮನೇಲೇ ಇದ್ದೀನಲ್ರೀ."

"ಆಯುಧಪೂಜೆ ದಿನ ಲಿಂಬೆಹಣ್ಣಿನ ಮೇಲೆ ಹತ್ತಿಸ್ಲಿಕ್ಕೆ ಹೋಗಿ ಆ ಸಣ್ಣ ಗೇರು ಎಳ್ದದ್ದು ಯಾರು? ದಡಕ್ ಅಂತ ಶಬ್ದ ಬಂತಾ ಇಲ್ವಾ? ಅಲ್ಲಿಂದ್ಲೇ ಶುರು ಇದು! ಗೊತ್ತಿಲ್ಲದ ಗಾಡಿಗೆ ಕೈ ಹಾಕ್ಬಾರ್ದು ಅಂತ ಒಂದು ಅಂದಾಜು ಬೇಡ್ವಾ?"

ಹಿಂದಿನ ಅಕ್ಟೋಬರಿನಲ್ಲಿ ನಡೆದದ್ದು ಅದು. ಅದರ ಹಿಂದಿನ ವರ್ಷ ವುಡ್‌ಲ್ಯಾಂಡ್ ಹಿಲ್ಸ್‌ನ ಅವರ ಅಪಾರ್ಟ್‌ಮೆಂಟಿನಲ್ಲಿ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿದ್ದಕ್ಕೆ ಮ್ಯಾನೇಜರ್ ಹೌಹಾರಿ, ಮುಂದಿನ ವರ್ಷದಿಂದ ಪಾರ್ಕಿಂಗಿನಲ್ಲಿ ಏನೂ ಒಡೆಯಬಾರದು ಎಂದು ಕಾಗದ ಕಳಿಸಿದ್ದನಂತೆ. ಹಾಗಾಗಿ ಅಮ್ಮ, ಮಗ ತಮ್ಮ ಕಾರು ತೆಗೆದುಕೊಂಡು ಪೂಜೆಗೆ ನನ್ನ ಮನೆಗೆ ಬಂದಿದ್ದರು. ಪೂಜೆ ಮುಗಿದ ಮೇಲೆ ನನ್ನ ಜೀಪನ್ನು ಲಿಂಬೆಹಣ್ಣಿನ ಮೇಲೆ ಹತ್ತಿಸುವ ಮರ್ಯಾದೆಯನ್ನು ನಾನು ಇವರಿಗೆ ಕೊಟ್ಟಿದ್ದೆ. ಮಾಮೂಲಿ ಗೇರಿನ ಪಕ್ಕದಲ್ಲಿ, ಮುಂದಿನ ಚಕ್ರಗಳಿಗೂ ಬಲ ಕೊಡುವ ಇನ್ನೊಂದು ಸಣ್ಣ ಗೇರು ಕಡ್ಡಿ ಇರುವ ಗಾಡಿಯನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ.

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಮತ್ತೆ ಮೈಕ್ ಆನ್ ಮಾಡಲು ಮರೆತರೇನೋ ಎಂದುಕೊಂಡೆ. "ಇರ್ಬೋದೇನೋ" ಎಂದರು ಮೆತ್ತಗೆ. "ಅಲ್ಲೇ ಇರಿ, ಬರ್ತೀವಿ."

ಬರ್ತೀವಿ! ಅಂದರೆ ಆಂಟಿಯೂ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಸರಿಮಾಡಿಕೊಂಡೆ, ನಗುವೂ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ನನಗೆ?

ಕಬ್ಬು ಮಾರಿದವನೇ ಎರಡು ಬೀದಿ ಆಚೆ ಹಳೇ ಗಾಡಿಗಳ ಗ್ಯಾರೇಜು ತೋರಿಸಿದ. ಜೀಪನ್ನು ಎಳೆಸಿಕೊಂಡು ಹೋದೆ. ಗ್ಯಾರೇಜಿನಲ್ಲಿ ಒಬ್ಬನೇ ಮನುಷ್ಯ. ಬಿಳಿ ಮೀಸೆ, ಕುತ್ತಿಗೆಗೆ ದಾರದಲ್ಲಿ ಎರಡು ಕನ್ನಡಕ. ಮನಸ್ಸಿನಲ್ಲಿ ನಾನು ಅವನಿಗೆ ತಾತ ಎಂದು ಹೆಸರಿಟ್ಟೆ. ಮೊದಲು ಕಬ್ಬು ನೋಡಿದ, ಆಮೇಲೆ ಸೀರೆ, ಕೊನೆಗೆ ಜೀಪು. ಚಿಕ್ಕವನಿದ್ದಾಗ ನಾನೂ ಕಬ್ಬು ಕಡಿದವನೇ ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ತುಂಡು ಕೇಳಿ ಪಡೆದ.

ನನ್ನ ಜೀಪಿನ ಕಥೆ ಸ್ವಲ್ಪ ಹೇಳಬೇಕು. ಲಾ ಹೋಯಾದ ಒಬ್ಬ ಸಮುದ್ರ ಸಂಶೋಧಕರು ನಿವೃತ್ತರಾದಾಗ ಮಾರಿದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ತಯಾರಾದ ಗಾಡಿ. ಅದರಲ್ಲಿ ಮುಂದಿನ ಚಕ್ರಗಳ ನಡುವೆ ದೊಡ್ಡ ತೆಂಗಿನಕಾಯಿಯಷ್ಟು ಒಂದು ಕಬ್ಬಿಣದ ಗೂಡು, ಅದರೊಳಗೆ ಹಲ್ಲಿನ ಚಕ್ರಗಳು. ಅದೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕಲ್ಲ, ಅದನ್ನು ಸಂಭಾಳಿಸುವುದು ಅದರ ಕೆಲಸ. ಹಿಂದಿನ ಚಕ್ರಗಳಿಗೆ ಇನ್ನೊಂದು ಇರುತ್ತದೆ, ಅದಕ್ಕೆ ದಿನವೂ ಕೆಲಸ. ಮುಂದಿನದಕ್ಕೆ ಮರಳು, ಕೆಸರು ಇದ್ದಲ್ಲಿ ಮಾತ್ರ. ಉಳಿದ ದಿನ ಅದು ಮಲಗಿರಬೇಕು. ಅದಕ್ಕಾಗಿ ಎರಡೂ ಮುಂಚಕ್ರಗಳ ನಟ್ಟನಡುವೆ ಒಂದೊಂದು ಹಿತ್ತಾಳೆಯ ಬಿಲ್ಲೆ. ಕೈಯಿಂದ ತಿರುಗಿಸಿ "ಲಾಕ್" ಮಾಡಿದರೆ ಚಕ್ರದ ಜೊತೆ ಒಳಗಿನ ಹಲ್ಲುಗಳೂ ತಿರುಗುತ್ತವೆ, "ಫ್ರೀ" ಮಾಡಿದರೆ ಇಲ್ಲ.

ತಾತ ಮೊದಲು ಕೇಳಿದ್ದೇ ಅದನ್ನು. ಬಿಲ್ಲೆಗಳು ಎರಡೂ ಫ್ರೀ ಇವೆಯೇ?

"ಖಂಡಿತ!" ಎಂದೆ. ಇಪ್ಪತ್ತು ವರ್ಷದಿಂದ ಎಂಜಿನಿಯರ್ ನಾನು, ನನ್ನ ಗಾಡಿ ನನಗೆ ಗೊತ್ತಿಲ್ಲವೇ, ಮೂರು ತಿಂಗಳಿಂದ ಮರಳಿನ ದಾರಿ ಹಿಡಿದೇ ಇಲ್ಲ ಎಂದು ಸಣ್ಣ ಭಾಷಣ ಬಿಗಿದೆ. ತಾತ ಬಲಗಡೆಯ ಬಿಲ್ಲೆ ನೋಡಿದ, ಫ್ರೀ ಇತ್ತು. ಎಡಗಡೆ ಗೋಡೆಗೆ ತಾಗಿ ನಿಂತಿತ್ತು. ಭಾಷಣಕ್ಕೆ ಹೆದರಿಯೋ ಏನೋ, ಅತ್ತ ಹೋಗದೆ ಜೀಪನ್ನು ಮೇಲೆತ್ತಿ ಕೆಳಗೆ ತೂರಿದ.

ಅಷ್ಟರಲ್ಲಿ ಅಮ್ಮ, ಮಗ ಬಂದಿಳಿದರು. ಆಂಟಿಯ ಕೈಯಲ್ಲಿ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್.

"ಹಬ್ಬದ ದಿನ ಉಪವಾಸ ಇರಕ್ಕಾಗತ್ತೇನಮ್ಮ? ಊಟಕ್ಕೆ ನೀನು ಬರ್ಲಿಲ್ಲ, ಊಟಾನೇ ಬಂತು" ಎಂದು ಆಂಟಿ ಸುತ್ತ ನೋಡಿ, ಟೈರುಗಳ ರಾಶಿಯ ಮೇಲೆ ಶಾಲು ಹಾಸಿ, ಅದರ ಮೇಲೆ ಪಟ್ಟಾಗಿ ಕೂತರು. ಸಣ್ಣ ಪೊಟ್ಟಣ ಬಿಚ್ಚಿ ಎಲ್ಲರಿಗೂ ಎಳ್ಳು ಬೆಲ್ಲ ಕೊಟ್ಟರು. ಜೀಪಿನ ಕೆಳಗಿಂದ ಚಾಚಿದ ಕಪ್ಪು ಕೈಗೂ ಒಂದು ಚಿಟಿಕೆ ಹಾಕಿದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಪ್ಪ" ಎಂದು ಅವನಿಗೆ ಕನ್ನಡದಲ್ಲೇ ಹೇಳಿ, ನನ್ನ ಕಡೆ ಒಂದು ನೋಟ ಬೀರಿದರು. ಫೋನಿನಲ್ಲಿ ನಾನು ಕೂಗಾಡಿದ್ದು ಆಂಟಿಗೂ ಕೇಳಿಸಿದೆ ಎಂದು ಆಗಲೇ ಗೊತ್ತಾಯಿತು. ಅಯ್ಯೋ ದೇವರೇ.

ಇವರು ನನ್ನ ಪಕ್ಕ ನಿಂತು ಮೆಲ್ಲಗೆ, "ಸೀರೆ ಚೆನ್ನಾಗಿದೆ" ಎಂದರು. ಸಿಟ್ಟಿನಲ್ಲಿದ್ದ ನನಗೆ ಕಿವಿಯ ತನಕ ನಗು ಬಂತು. ಇಂಥ ಮನುಷ್ಯನ ಮೇಲೆ ಸಿಟ್ಟು ಕಾಯ್ದಿಡುವುದು ಬಹಳ ಕಷ್ಟದ ಕೆಲಸ. ಆದರೂ ಕಾಯ್ದಿಟ್ಟೆ.

ತಾತ ಎಣ್ಣೆ ಬಸಿದ. ಕಪ್ಪು ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಮಿನುಗುತ್ತಿತ್ತು. ಗೂಡಿನ ಮುಚ್ಚಳ ಬಿಚ್ಚಿದಾಗ ಒಳಗಿಂದ ಮುರಿದ ಹಲ್ಲುಗಳು ತಟ್ಟೆಗೆ ಬಿದ್ದವು. ಆಂಟಿ ಎದ್ದು ಬಂದು ತಟ್ಟೆ ನೋಡಿ, "ಪಾಪ, ಒಂದೂ ಉಳಿದಿಲ್ಲ" ಎಂದರು, ತಮ್ಮ ದವಡೆ ಮುಟ್ಟಿಕೊಳ್ಳುತ್ತ. ತಾತ ತಲೆ ಕೆರೆದುಕೊಂಡ. ಮಲಗಿದ್ದ ಡಿಫರೆನ್ಷಿಯಲ್ ಹೀಗೆ ಸವೆಯುವುದಿಲ್ಲ ಎಂದು ಗೋಡೆಯ ಸಂದಿಗೆ ನುಗ್ಗಿ, ಎಡಗಡೆಯ ಚಕ್ರದ ಹತ್ತಿರ ಕೂತ. ಒಂದು ಶಿಳ್ಳೆ ಹೊಡೆದ.

ಎಡಗಡೆಯದು ಲಾಕ್ ಆಗಿತ್ತು. ಬಲಗಡೆಯದು ಫ್ರೀ. ಎರಡೂ ಲಾಕ್ ಆಗಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲವಂತೆ. ಒಂದೇ ಕಡೆ ಲಾಕ್ ಆಗಿದ್ದರಿಂದ ಒಳಗಿನ ಸಣ್ಣ ಹಲ್ಲುಚಕ್ರಗಳು ಹೈವೇಯುದ್ದಕ್ಕೂ ಒಂದನ್ನೊಂದು ಅರೆದುಕೊಂಡು ಬಂದಿವೆ. ಎಣ್ಣೆ ಬೇರೆ ಸೋರಿ ಕಮ್ಮಿಯಾಗಿತ್ತು. ಇದನ್ನು ಯಾರು ತಿರುಗಿಸಿದ್ದು ಎಂದು ಕೇಳಿದ.

"ಇವ್ರೇ!" ಎಂದು ನಾನು ಬೆರಳು ಚಾಚಿದೆ. "ಗೇರಿಗೆ ಕೈ ಹಾಕಿದವ್ರು ಇದಕ್ಕೂ ಹಾಕಿರ್ತಾರೆ. ನೋಡಿ ಆಂಟಿ, ನಾನು ಹೇಳ್ಲಿಲ್ವಾ?"

ಇವರು ಬಿಲ್ಲೆ ನೋಡಿದರು, ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹೌದೇನೋ. ಆವತ್ತು ಏನೇನೋ ಮುಟ್ಟಿದ್ದೆ. ಸಾರಿ ರೀ" ಎಂದರು.

"ಇವನಿಗೆ ಚಿಕ್ಕೋನಿದ್ದಾಗಿಂದ್ಲೂ ಕೈ ಸುಮ್ನಿರಲ್ಲ" ಎಂದರು ಆಂಟಿ, ಕ್ಯಾರಿಯರಿನ ಮುಚ್ಚಳ ತೆಗೆಯುತ್ತ.

ಗೆದ್ದೆ. ಗೆದ್ದ ಖುಷಿಯಲ್ಲಿ ಸಾಕ್ಷಿ ನೋಡಲು ಗೋಡೆಯ ಸಂದಿಗೆ ನಾನೂ ನುಗ್ಗಿದೆ. ತಾತ ಬಟ್ಟೆಯಿಂದ ಬಿಲ್ಲೆಯ ಧೂಳು ಒರೆಸಿದ. ಬಲಗಡೆಯದು ಕಿಲುಬು ಹಿಡಿದು ಕರ್ರಗಿತ್ತು. ಇದು ದೇವರ ಮನೆಯ ದೀಪದ ಹಾಗೆ ಫಳಫಳ ಹೊಳೆಯಿತು.

ಆ ಹೊಳಪು ನನ್ನ ಕೈಯದ್ದೇ. ಆಯುಧಪೂಜೆಯ ಬೆಳಿಗ್ಗೆ, ಅವರಿಬ್ಬರೂ ಬರುವ ಮೊದಲು, ದೇವರ ದೀಪಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದೆ. ಉಂಡೆ ಸ್ವಲ್ಪ ಉಳಿದಿತ್ತು. ಹುಣಸೆಹಣ್ಣು ಬಿಸಾಡುವ ಜಾತಿಯವಳಲ್ಲ ನಾನು. ಹಿತ್ತಾಳೆ ಕಂಡಲ್ಲೆಲ್ಲ ತಿಕ್ಕುತ್ತ ಅಂಗಳಕ್ಕೆ ಬಂದು, ಜೀಪಿನ ಎಡಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಈ ಬಿಲ್ಲೆಯನ್ನು ಎರಡೂ ಕೈಯಿಂದ ಗರಗರ ತಿಕ್ಕಿದ್ದೆ. ಅದು ಕೈಯಲ್ಲಿ ತುಸು ತಿರುಗಿದ್ದೂ ನೆನಪಾಯಿತು. ಬಲಗಡೆ ಬೇಲಿಗೆ ಒತ್ತಿಕೊಂಡಿತ್ತು, ಹಾಗಾಗಿ ಬಿಟ್ಟಿದ್ದೆ. ಇವರ ಕೈ ಬರೀ ಗೇರಿಗೆ ಹೋಗಿತ್ತು. ಆ ಗೇರನ್ನು ನಾನೇ ಆ ಕ್ಷಣವೇ ಸರಿಮಾಡಿದ್ದೆ.

ಸಂದಿಯಿಂದ ಹೊರಬಂದೆ. ಆಂಟಿ ಸ್ಟೀಲ್ ತಟ್ಟೆಗೆ ಪೊಂಗಲ್ ಬಡಿಸುತ್ತಿದ್ದರು. ಇವರು ತಾತನ ಹತ್ತಿರ ಖರ್ಚೆಲ್ಲ ತಮ್ಮದು ಎಂದು ಹೇಳುತ್ತಿದ್ದರು. ಯಾರಿಗೂ ಗೊತ್ತಿಲ್ಲ. ನಾನು ಒಂದು ಶಬ್ದ ಮಾತಾಡದಿದ್ದರೆ ಆಯಿತು. ಊಟ ಮಾಡುವುದು, ಎಲೆ ಅಡಿಕೆ ಹಾಕುವುದು, ಮದುವೆಗೆ ಒಪ್ಪುವುದು. ಆಂಟಿ ಈ ಕೂಗಾಟವನ್ನು ಕ್ಷಮಿಸಿದರೂ ಕ್ಷಮಿಸಿಯಾರು, ಆದರೆ ತಾನೇ ತಪ್ಪು ಮಾಡಿ ಅವರ ಮಗನ ಮೇಲೆ ಹಾಕಿದವಳನ್ನು ಕ್ಷಮಿಸುವರೇ? ತುತ್ತು ಬಾಯಿಗಿಟ್ಟೆ. ತುಪ್ಪ ಸುರಿಯುವ ಪೊಂಗಲ್. ಎಂಟು ವರ್ಷ ಹೀಗೆಯೇ ಬಾಯಿ ಮುಚ್ಚಿಕೊಂಡು ಗೆದ್ದು ಗೆದ್ದು ಮನೆ ಖಾಲಿ ಮಾಡಿಕೊಂಡಿದ್ದೆ. ನನಗೆ ಅಳು ಬರುವಂತಾಯಿತು.

ತಟ್ಟೆ ಕೆಳಗಿಟ್ಟೆ.

"ಆಂಟಿ, ತಪ್ಪು ನನ್ನದು" ಎಂದೆ. ನನ್ನ ದನಿ ನನಗೇ ಗುರ್ತು ಸಿಗಲಿಲ್ಲ. "ಅದನ್ನು ತಿರುಗಿಸಿದ್ದು ಇವ್ರಲ್ಲ. ನಾನೇ. ಹಬ್ಬದ ದಿನ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಸುಮ್ನೆ ಇವ್ರಿಗೆ ಬೈದೆ."

ಆಂಟಿ ಗೊಜ್ಜಿನ ಸೌಟು ಹಿಡಿದವರು ಹಾಗೆಯೇ ನನ್ನನ್ನು ನೋಡಿದರು.

"ನಂಗೊತ್ತಮ್ಮ" ಎಂದರು. "ಆ ಹೊಳಪು ಇಲ್ಲಿಂದ್ಲೇ ನೋಡಿದ್ರೂ ಗೊತ್ತಾಗಲ್ವಾ ನಂಗೆ, ಅರವತ್ತು ವರ್ಷ ದೀಪ ತಿಕ್ಕಿದೀನಿ. ಇವನಿಗೆ ಮನೇಲಿ ಹುಣಸೆಹಣ್ಣು ಎಲ್ಲಿಟ್ಟಿದೀನಿ ಅಂತಾನೇ ಗೊತ್ತಿಲ್ಲ. ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ತಾ ಕೂತಿದ್ದೆ."

ನಾನು ಆ ಬಿಲ್ಲೆಯ ಕಡೆ ತಿರುಗಿ ನೋಡಿದೆ.

"ಇನ್ನೊಂದು ಹೇಳ್ಬಿಡ್ತೀನಿ. ನಿನ್ನ ಇವತ್ತು ಊಟಕ್ಕೆ ಕರೆದಿದ್ದೇ, ಮರ್ಯಾದೆಯಾಗಿ ಊಟ ಹಾಕಿ ಈ ಸಂಬಂಧ ಬೇಡ ಅಂತ ಹೇಳಕ್ಕೆ" ಎಂದು, ನನ್ನ ತಟ್ಟೆ ಎತ್ತಿ ಕೈಗೆ ಕೊಟ್ಟು, ಎರಡು ಸೌಟು ಗೊಜ್ಜು ಹಾಕಿದರು. "ತಿನ್ನು, ಆರಿ ಹೋಗತ್ತೆ. ಇನ್ನು ಅದನ್ನ ಹೇಳಲ್ಲ ನಾನು."

ನನಗೆ ನಗು, ಅಳು, ಬಿಕ್ಕಳಿಕೆ ಎಲ್ಲ ಒಟ್ಟಿಗೆ ಬಂದವು. ಆದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಅದು ಇವರ ಕಡೆ ತಿರುಗಿತು.

"ನಿಮಗೆ ಎಂಥ ಆಗಿತ್ತು? ಮಾಡದ ತಪ್ಪು ಯಾಕೆ ಒಪ್ಪಿಕೊಂಡದ್ದು?"

"ನೀವು ಸಿಟ್ ಮಾಡ್ಕೊಂಡು, ಉತ್ತರ ಹೇಳ್ದೇ ವಾಪಸ್ ಹೋಗ್ಬಿಟ್ರೆ ಅಂತ ಭಯ ಆಯ್ತು ರೀ" ಎಂದರು. ಕೈಯಲ್ಲಿ ತಾತ ಕೊಟ್ಟ ಬಟ್ಟೆ ಹಿಡಿದುಕೊಂಡು ಅದನ್ನೇ ಹಿಂಡುತ್ತಿದ್ದರು.

"ಹಾಗೆ ಒಪ್ಪಿಕೊಳ್ಳುವ ಗಂಡ ನಂಗೆ ಬೇಡ. ನಾನು ಹೀಗೆಯೇ, ನಾಳೆಯೂ ಬೈತೇನೆ. ನೀವು ಹೀಗೆ ಹೂಂ ಹೂಂ ಅಂತ ತಲೆ ಬಗ್ಗಿಸಿದ್ರೆ ನಾನು ಹಾಳಾಗಿ ಹೋಗ್ತೇನೆ. ನಾನು ತಪ್ಪು ಮಾಡಿದಾಗ ಮುಖಕ್ಕೆ ಹೇಳ್ಬೇಕು. ಆಗ್ತದಾ?"

ತಾತನಿಗೆ ಕನ್ನಡ ಬರುವುದಿಲ್ಲ, ಆದರೂ ಬಾಯಲ್ಲಿದ್ದ ಕಬ್ಬು ಅಗಿಯುವುದನ್ನು ನಿಲ್ಲಿಸಿದ್ದ. ಇವರು ಬಟ್ಟೆಯನ್ನು ಟೈರಿನ ಮೇಲಿಟ್ಟರು. ಗಂಟಲು ಸರಿಮಾಡಿಕೊಂಡರು. ಲಾ ಹೋಯಾದಲ್ಲಿ ಸೀಲ್‌ಗಳನ್ನು ನೋಡುತ್ತ ನಿಂತಿದ್ದವರು ಈ ಸಲ ನನ್ನ ಕಣ್ಣನ್ನೇ ನೋಡಿದರು.

"ನಿಂದೇ ತಪ್ಪು" ಎಂದರು.

"ಹೂಂ" ಎಂದೆ, "ಆಗ್ತೇನೆ ಮದುವೆ."